ಹುಕ್ರಪ್ಪ ಕಂಡಕ್ಟರರ ಹರಕೆಯಾಟ

ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಹೋಗುವ ಹಳದಿ ಬಸ್ಸಿನಲ್ಲಿ ಮೂವತ್ತೆಂಟು ವರ್ಷ ಟಿಕೆಟು ಹರಿದವರು ಹುಕ್ರಪ್ಪಣ್ಣ. ಕಾಯುವುದೆಂದರೆ ಅವರಿಗೆ ಮೈಯೆಲ್ಲ ತುರಿಕೆ. ಅದು ಅವರ ತಪ್ಪಲ್ಲ. ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಎಂದರೆ ಧರ್ಮ. ವೇಣೂರಿನಿಂದ ಏಳು ಹನ್ನೆರಡಕ್ಕೆ ಹೊರಡಬೇಕಾದ ಬಸ್ಸು ಏಳು ಹದಿನಾಲ್ಕಕ್ಕೆ ಹೊರಟರೆ ಹಿಂದಿನ ಬಸ್ಸಿನವ ಬಂದು ಕಾಲರಿಗೆ ಕೈ ಹಾಕುತ್ತಾನೆ. ಹಾಗಾಗಿ ಹುಕ್ರಪ್ಪಣ್ಣ ಮುದುಕಿಯರನ್ನು ಕಂಕುಳಿಗೆ ಕೈಹಾಕಿ ಎತ್ತಿ ಒಳಗೆ ಇಡುತ್ತಿದ್ದರು, ಮಕ್ಕಳನ್ನು ಚೀಲದ ಹಾಗೆ ದಾಟಿಸುತ್ತಿದ್ದರು. ಒಮ್ಮೆ ಒಂದು ದಿಬ್ಬಣ ಬಸ್ಸು ಹತ್ತಿದಾಗ ಮದುಮಗ ಬೀಡಾ ಕಟ್ಟಿಸಿಕೊಳ್ಳಲು ಅಂಗಡಿಗೆ ಹೋಗಿದ್ದ. ಹುಕ್ರಪ್ಪಣ್ಣ ಗಡಿಯಾರ ನೋಡಿ ರೈಟ್ ಅಂದೇಬಿಟ್ಟರು. ಮದುಮಗ ಹಿಂದಿನ ಬಸ್ಸಿನಲ್ಲಿ, ಪೇಟದ ಮೇಲೆ ಕೈ ಇಟ್ಟುಕೊಂಡು, ಅರ್ಧ ಗಂಟೆ ತಡವಾಗಿ ಮಂಟಪಕ್ಕೆ ಬಂದ.

ಇಂಥ ಮನುಷ್ಯನಿಗೆ ದೇವರು ಇಪ್ಪತ್ತಮೂರು ವರ್ಷ ಕಾಯುವ ಕೆಲಸ ಕೊಟ್ಟ.

ಶುರುವಾದದ್ದು ಮಗಳಿಂದ. ವಿಸ್ಮಿತಾಳಿಗೆ ನಾಲ್ಕು ವರ್ಷ ತುಂಬಿದರೂ ಬಾಯಿಯಿಂದ ಒಂದು ಮಾತು ಹೊರಡಲಿಲ್ಲ. ಕಿವಿ ಸರಿ ಉಂಟು, ಗಂಟಲು ಸರಿ ಉಂಟು, ನಗು ಬೇಕಾದಷ್ಟು ಉಂಟು, ಮಾತು ಮಾತ್ರ ಇಲ್ಲ. ಡಾಕ್ಟರು ನಾಲಗೆ ಹೊರಗೆ ತೆಗೆಸಿ, ಒಳಗೆ ಹಾಕಿಸಿ, "ಏನೂ ತೊಂದರೆ ಇಲ್ಲ. ಕಾಯಿರಿ, ಬರ್ತದೆ" ಅಂದರು.

"ಎಷ್ಟು ಕಾಯಬೇಕು ಡಾಕ್ಟ್ರೇ? ಒಂದು ಅಂದಾಜು ಹೇಳಿ" ಅಂದರು ಹುಕ್ರಪ್ಪಣ್ಣ.

"ಅದಕ್ಕೆಲ್ಲ ಟೈಮ್ ಹೇಳ್ಲಿಕ್ಕೆ ಆಗುವುದಿಲ್ಲ."

ಟೈಮ್ ಹೇಳಲಿಕ್ಕಾಗದ ವೈದ್ಯ ಎಂಥ ವೈದ್ಯ ಎಂದು ಹುಕ್ರಪ್ಪಣ್ಣ ನೇರ ದೇವಿಯ ಗುಡಿಗೆ ಹೋದರು. ಆ ದೇವಸ್ಥಾನಕ್ಕೆ ಯಕ್ಷಗಾನ ಮೇಳ ಉಂಟು. ಹರಕೆ ಹೊತ್ತವರ ಊರಿಗೇ ಬಂದು ಮೇಳದವರು ದೇವಿಯ ಕಥೆಯ ಆಟ ಆಡುತ್ತಾರೆ. ಹುಕ್ರಪ್ಪಣ್ಣ ಕೈಮುಗಿದು, "ತಾಯೀ, ನನ್ನ ಮಗಳ ಬಾಯಿ ಬಿಡಿಸು. ನಿನ್ನ ಮೇಳದ ಒಂದು ಆಟ ಆಡಿಸ್ತೇನೆ. ಸ್ವಲ್ಪ ಬೇಗ ಆಗಲಿ" ಅಂದರು. ಬಾಗಿಲು ದಾಟಿದವರು ಮತ್ತೆ ಹಿಂದೆ ಹೋಗಿ, "ಬೇಗ ಅಂದರೆ ಈ ವಾರವೇ" ಎಂದು ಸೇರಿಸಿ ಬಂದರು.

ನಾಲ್ಕನೆಯ ದಿನ ಮಗಳನ್ನು ಬಸ್ಸಿನಲ್ಲಿ ಅಜ್ಜಿ ಮನೆಗೆ ಕರೆದುಕೊಂಡು ಹೊರಟಿದ್ದರು. ಮಗುವನ್ನು ಡ್ರೈವರ್ ಅಬ್ದುಲ್ ಶುಕೂರನ ಪಕ್ಕದ ಸೀಟಿನಲ್ಲಿ ಕೂರಿಸಿದ್ದರು. ಗುರುವಾಯನಕೆರೆಯಲ್ಲಿ ಹುಕ್ರಪ್ಪಣ್ಣ ಕೆಳಗಿಳಿದು ಒಬ್ಬ ಪ್ರಯಾಣಿಕನ ಬಾಳೆಗೊನೆಯನ್ನು ಹಿಂದಿನ ಏಣಿಯಲ್ಲಿ ಮೇಲೇರಿಸುತ್ತಿದ್ದಾಗ ಬಸ್ಸಿನೊಳಗಿಂದ ಸಣ್ಣ, ಸ್ಪಷ್ಟ, ಅಧಿಕಾರದ ಧ್ವನಿಯೊಂದು ಬಂತು:

"ರೈಟ್! ಪೋಯಿ!"

ಶುಕೂರ ಹೊರಟೇಬಿಟ್ಟ. ರೈಟ್, ಪೋಯಿ ಅಂದರೆ ಹೊರಡುವುದು, ಅಂದವರು ಯಾರೆಂದು ತಿರುಗಿ ನೋಡುವ ಕ್ರಮ ಅವನಿಗಿರಲಿಲ್ಲ. ಬಾಳೆಗೊನೆ ರಸ್ತೆಗೆ ಬಿತ್ತು. ಹುಕ್ರಪ್ಪಣ್ಣ ಚರ್ಮದ ಚೀಲ ಹಿಡಿದುಕೊಂಡು ಬಸ್ಸಿನ ಹಿಂದೆ ಓಡಿದರು. ಓಡುತ್ತಾ "ನಿಲ್ಸು ಮಾರಾಯಾ" ಎಂದು ಕಿರುಚಿದರು, ಕಿರುಚುತ್ತಾ ಅತ್ತರು, ಅಳುತ್ತಾ ನಕ್ಕರು. ದಾರಿಬದಿಯವರು ಕಂಡಕ್ಟರನಿಗೆ ತಲೆ ಕೆಟ್ಟಿತೆಂದುಕೊಂಡರು. ಅರ್ಧ ಮೈಲು ಹೋದ ಮೇಲೆ ಶುಕೂರನಿಗೆ ಸಂಶಯ ಬಂದು ಪಕ್ಕಕ್ಕೆ ನೋಡಿದರೆ ಮಗು ಇನ್ನೂ "ಪೋಯಿ, ಪೋಯಿ, ಪೋಯಿ" ಅನ್ನುತ್ತಿತ್ತು. ಅಂದು ತೆರೆದ ಬಾಯನ್ನು ವಿಸ್ಮಿತಾ ಮತ್ತೆ ಮುಚ್ಚಿದ್ದು ನಿದ್ದೆಯಲ್ಲಿ ಮಾತ್ರ, ಅದೂ ಎಲ್ಲ ದಿನ ಅಲ್ಲ.

ಮರುವಾರವೇ ಹುಕ್ರಪ್ಪಣ್ಣ ಹೆಂಡತಿ ಸೇಸಮ್ಮನನ್ನು ಕರೆದುಕೊಂಡು ಆಟ ಬರೆಸಲು ದೇವಸ್ಥಾನದ ಆಫೀಸಿಗೆ ಹೋದರು. ಗುಮಾಸ್ತರು ತೊಟ್ಟಿಲಿನಷ್ಟು ದೊಡ್ಡ ಪುಸ್ತಕ ತೆರೆದು, ಹಾಳೆ ತಿರುವಿದರು, ಮತ್ತೆ ತಿರುವಿದರು, ಬೆರಳಿಗೆ ನೀರು ಮುಟ್ಟಿಸಿಕೊಂಡು ಇನ್ನೂ ತಿರುವಿದರು.

"ಎರಡು ಸಾವಿರದ ಇಪ್ಪತ್ತೈದು" ಅಂದರು.

"ಅದು ರಶೀದಿ ನಂಬ್ರವಾ?"

"ಅಲ್ಲ, ಇಸವಿ."

ಅದು ನಡೆದದ್ದು ಎರಡು ಸಾವಿರದ ಎರಡರಲ್ಲಿ. ಹುಕ್ರಪ್ಪಣ್ಣ ಬೆಂಚಿನ ಮೇಲೆ ಕೂತರು. "ಅಲ್ಲ ಮಾರಾಯ್ರೆ, ನಡುವಿನಲ್ಲಿ ಎಲ್ಲಿಯಾದರೂ ಇಳಿಯುವವರು ಇದ್ದರೆ ಆ ಸೀಟು..."

"ಇಲ್ಲಿ ಎಲ್ಲ ಲಾಸ್ಟ್ ಸ್ಟಾಪಿನವರೇ."

"ನಿಂತುಕೊಂಡಾದರೂ?"

ಸೇಸಮ್ಮ ಅವರ ರಟ್ಟೆ ಹಿಡಿದು ಎಬ್ಬಿಸಿದರು. "ದೇವಿಗೆ ಗೊತ್ತುಂಟು ಯಾವಾಗ ಬರಬೇಕೂಂತ. ನೀವು ಏಳಿ, ಊಟಕ್ಕೆ ಕರೀತಿದ್ದಾರೆ."

ಹೆಂಡತಿಯ ನಂಬಿಕೆ ಹಾಗೆ, ಊಟದ ಪಂಕ್ತಿಯಲ್ಲಿ ಕೂತಷ್ಟು ನಿಶ್ಚಿಂತೆ. ಹುಕ್ರಪ್ಪಣ್ಣನದು ಹಾಗಲ್ಲ. ಮೊದಲ ನಾಲ್ಕು ವರ್ಷ ಅವರು ತಿಂಗಳಿಗೊಮ್ಮೆ ಆಫೀಸಿನ ಕಿಟಕಿಯಲ್ಲಿ ತಲೆ ತೂರಿಸಿ, "ಯಾರಾದರೂ ಕ್ಯಾನ್ಸಲ್?" ಎಂದು ಕೇಳುತ್ತಿದ್ದರು. ಅವರ ತಲೆ ಕಂಡ ಕೂಡಲೇ ಗುಮಾಸ್ತರು "ಇಲ್ಲ" ಅನ್ನುವ ಅಭ್ಯಾಸ ಮಾಡಿಕೊಂಡರು. ಗರ್ಭಗುಡಿಯ ಎದುರು ನಿಂತಾಗಲೂ ಅವರ ಪ್ರಾರ್ಥನೆ ಬಸ್ಸಿನ ಏಜೆಂಟನ ಹತ್ತಿರ ಮಾಡುವ ಜಗಳದ ಹಾಗೆಯೇ ಇರುತ್ತಿತ್ತು. "ನೀನು ನಾಲ್ಕು ದಿನದಲ್ಲಿ ಕೊಟ್ಟೆ, ನನಗೆ ತಿರುಗಿ ಕೊಡ್ಲಿಕ್ಕೆ ಇಪ್ಪತ್ತಮೂರು ವರ್ಷವಾ? ಇದೆಂಥ ಟೈಮಿಂಗ್ ತಾಯೀ?"

ಆಗ ಬಸ್ಸಿನಲ್ಲಿ ಯಾರೋ ಒಂದು ಸುದ್ದಿ ಹೇಳಿದರು. ವಿಟ್ಲದ ಆಚೆ ಕನ್ಯಾನದಲ್ಲಿ ಚಿನ್ನಯ್ಯಜ್ಜ ಅಂತ ಒಬ್ಬರು ಇದ್ದಾರೆ, ಎಂಬತ್ತನಾಲ್ಕು ವರ್ಷ, ಹಾಸಿಗೆ ಹಿಡಿದಿದ್ದಾರೆ, ಅವರ ಹರಕೆಯಾಟದ ಸರದಿ ಇನ್ನು ನಾಲ್ಕೇ ವರ್ಷದಲ್ಲಿ ಉಂಟು. ಕೇಳಿದರೆ ಅದಲುಬದಲು ಮಾಡಿಕೊಂಡಾರು. ಹುಕ್ರಪ್ಪಣ್ಣ ರಜೆ ಹಾಕಿ, ಒಂದು ಡಜನ್ ಕಿತ್ತಳೆ ಹಿಡಿದು, ಬಂಟ್ವಾಳದಲ್ಲಿ ಬಸ್ಸು ಬದಲಿಸಿ, ಮುಖದಲ್ಲಿ ರೋಗಿಯನ್ನು ನೋಡುವವರ ದುಃಖ ತಂದುಕೊಂಡು ಕನ್ಯಾನ ಮುಟ್ಟಿದರು.

ಅಂಗಳದಲ್ಲಿ ಯಾರೂ ಇರಲಿಲ್ಲ. ಮೇಲಿನಿಂದ "ಯಾರದು?" ಎಂದು ಕೇಳಿತು. ನೋಡಿದರೆ ಮರಕ್ಕೆ ಒರಗಿಸಿದ ಏಣಿಯ ತುದಿಯಲ್ಲಿ ಒಬ್ಬ ಮುದುಕ ಕರಿಮೆಣಸು ಕೊಯ್ಯುತ್ತಿದ್ದ.

"ಚಿನ್ನಯ್ಯಜ್ಜ ಮಲಗಿದ್ದಾರಂತಲ್ಲ, ನೋಡಿಕೊಂಡು ಹೋಗುವ ಅಂತ..."

"ನಾನೇ ಚಿನ್ನಯ್ಯ. ಮಲಗಿದ್ದು ಹೋದ ಮಳೆಗಾಲದಲ್ಲಿ. ಕಿತ್ತಳೆ ಅಲ್ಲಿ ಜಗಲಿಯಲ್ಲಿ ಇಡು."

ಅಜ್ಜ ಇಳಿದು ಬಂದು, ಬಂದ ವಿಷಯ ಕೇಳಿ, ಎರಡು ಕಿತ್ತಳೆ ಸುಲಿದು ತಿಂದ ಮೇಲೆ ಮಾತಾಡಿದರು. "ಡಾಕ್ಟರು ಮಗನ ಹತ್ತಿರ ಹೇಳಿದ್ದರು, ಇನ್ನು ಮನೆಗೆ ಕರ್ಕೊಂಡು ಹೋಗಿ ಅಂತ. ನಾನು ಮಗನನ್ನು ಕರೆದು ಕೇಳಿದೆ, ನಮ್ಮ ಆಟಕ್ಕೆ ಇನ್ನೆಷ್ಟು ವರ್ಷ ಉಂಟು ಅಂತ. ಐದು ಅಂದ. ಹಾಗಾದರೆ ಈಗ ಸಾಯ್ಲಿಕ್ಕೆ ಆಗುವುದಿಲ್ಲ ಅಂತ ಎದ್ದು ಕೂತೆ. ಗಂಜಿ ತರ್ಲಿಕ್ಕೆ ಹೇಳಿದೆ."

"ನನಗೆ ಇಪ್ಪತ್ತೈದನೇ ಇಸವಿ ಕೊಟ್ಟಿದ್ದಾರೆ ಅಜ್ಜ" ಎಂದು ಹುಕ್ರಪ್ಪಣ್ಣ ದುಃಖ ತೋಡಿಕೊಂಡರು.

"ಪುಣ್ಯವಂತ! ಅಂದರೆ ಅಲ್ಲಿಯವರೆಗೆ ನೀನು ಇರ್ತೀ ಅಂತ ದೇವಿಯೇ ಬರೆದು ಕೊಟ್ಟ ಹಾಗೆ. ಅದನ್ನು ಬಿಟ್ಟು ನನ್ನ ನಾಲ್ಕು ವರ್ಷ ಕೇಳ್ಲಿಕ್ಕೆ ಬಂದಿದ್ದೀಯಲ್ಲ, ನಿನಗೆ ಬುದ್ಧಿ ಉಂಟಾ?"

ಹುಕ್ರಪ್ಪಣ್ಣನಿಗೆ ಇದು ಹೊಳೆದೇ ಇರಲಿಲ್ಲ. ಹಿಂದಿರುಗುವಾಗ ಅವರ ನಡೆಯೇ ಬದಲಾಗಿತ್ತು. ಮರುದಿನದಿಂದ ಬಸ್ಸಿನ ಬಾಗಿಲಲ್ಲಿ ಒಂದೇ ಕೈಯಲ್ಲಿ ಜೋತಾಡತೊಡಗಿದರು. ಓಡುವ ಬಸ್ಸಿನಿಂದ ಹಾರಿದರು, ಓಡುವ ಬಸ್ಸಿಗೆ ಹತ್ತಿದರು. ಯಾರಾದರೂ ಗದರಿದರೆ, "ನನಗೆ ಇಪ್ಪತ್ತೈದರವರೆಗೆ ಏನೂ ಆಗುವುದಿಲ್ಲ" ಅನ್ನುತ್ತಿದ್ದರು. ಹದಿನೈದು ದಿನ ಏನೂ ಆಗಲಿಲ್ಲ. ಹದಿನಾರನೆಯ ದಿನ ವೇಣೂರಿನ ತಿರುವಿನಲ್ಲಿ ಜಾರಿ ಬಿದ್ದು ಎಡಗೈ ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವಾಗ ಶುಕೂರ ಹಾಸಿಗೆಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ.

"ಹುಕ್ರಪ್ಪಣ್ಣ, ದೇವರು ಗ್ಯಾರಂಟಿ ಕೊಟ್ಟದ್ದು ಇಂಜಿನ್ನಿನ ಮೇಲೆ. ಬಾಡಿಯ ಮೇಲೆ ಅಲ್ಲ."

ಚಿನ್ನಯ್ಯಜ್ಜನ ಆಟ ಹೇಳಿದ ವರ್ಷಕ್ಕೆ ಸರಿಯಾಗಿ ನಡೆಯಿತು. ಅಜ್ಜ ಅದಾದ ಮೇಲೂ ಏಳು ವರ್ಷ ಇದ್ದರು. ಕೇಳಿದವರಿಗೆ "ಅಭ್ಯಾಸ ಆಗಿ ಹೋಯ್ತು" ಅನ್ನುತ್ತಿದ್ದರಂತೆ. ಆ ಆಟಕ್ಕೆ ಹುಕ್ರಪ್ಪಣ್ಣನೂ ಹೋಗಿದ್ದರು. ಎದುರಿನ ಸಾಲಿನಲ್ಲೇ ಕುರ್ಚಿ ಸಿಕ್ಕಿತು. ಚೆಂಡೆ ಬಾರಿಸಿದ್ದು ಗೊತ್ತು, ಮೊದಲ ವೇಷ ಬಂದದ್ದು ಗೊತ್ತು. ಮತ್ತೆ ಗೊತ್ತಾದದ್ದು ಬೆಳಗಿನ ಬಿಸಿಲು ಮುಖಕ್ಕೆ ಬಿದ್ದಾಗ, ಯಾರೋ "ಸ್ವಲ್ಪ ಏಳ್ತೀರಾ, ಇದೊಂದು ಕುರ್ಚಿ ಬಾಕಿ" ಅಂದಾಗ.

ಇದೇ ಹುಕ್ರಪ್ಪಣ್ಣನ ಇನ್ನೊಂದು ಸಂಕಟ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೊದಲ ಬಸ್ಸು ಹೊರಡಿಸುವವರಾದ್ದರಿಂದ ರಾತ್ರಿ ಹತ್ತೂವರೆ ದಾಟಿ ಒಂದು ದಿನವೂ ಕಣ್ಣು ತೆರೆದು ಇದ್ದವರಲ್ಲ. ಬೆಳಗಿನವರೆಗೆ ನಡೆಯುವ ಆಟದಲ್ಲಿ ಕೋಣನ ತಲೆಯ ರಾಕ್ಷಸ ಬರುವುದು ನಡುರಾತ್ರಿಯ ಮೇಲೆ, ದೇವಿ ಅವನನ್ನು ಕೊಲ್ಲುವುದು ಅದರ ನಂತರ. ಹುಕ್ರಪ್ಪಣ್ಣ ಜೀವನದಲ್ಲಿ ಮೂವತ್ತು ಆಟಕ್ಕೆ ಹೋದವರು, ಒಂದರಲ್ಲೂ ರಾಕ್ಷಸ ಸತ್ತದ್ದನ್ನು ನೋಡಿದವರಲ್ಲ. ಅವರ ಮಟ್ಟಿಗೆ ಅವನು ಇನ್ನೂ ಜೀವಂತ ಇದ್ದ.

"ನನ್ನದೇ ಆಟದಲ್ಲಿ ನಾನೇ ಮಲಗಿದರೆ ದೇವಿ ಎಂತ ಹೇಳುವಳು?" ಎಂದು ಅವರು ಚಿಂತೆ ಮಾಡಿದರು.

"ದೇವಿಯ ವಿಷಯ ಬಿಡಿ" ಅಂದರು ಸೇಸಮ್ಮ. "ನಿಮ್ಮ ಗೊರಕೆಗೆ ಚೆಂಡೆಯವರು ತಾಳ ತಪ್ಪಿಯಾರು."

ಹುಕ್ರಪ್ಪಣ್ಣ ಅಭ್ಯಾಸಕ್ಕೆ ಇಳಿದರು. ಶನಿವಾರ ಶನಿವಾರ ಹತ್ತೂವರೆಯ ಮೇಲೆ ಎಚ್ಚರ ಇರುವ ಪ್ರಯತ್ನ. ಗಾಂಧಾರಿ ಮೆಣಸು ಜಗಿದರು. ಬಾಯಿ ಉರಿಯಿತು, ನಿದ್ದೆ ಬಂತು. ಶುಕೂರ ಹೇಳಿದನೆಂದು ಕಣ್ಣಿನ ಕೆಳಗೆ ತಲೆನೋವಿನ ಮುಲಾಮು ಹಚ್ಚಿದರು. ನೀರು ಸುರಿಸುತ್ತಲೇ ನಿದ್ದೆ ಹೋದರು. ಒಂದು ಸಲ ನಿಂತೇ ಇರುತ್ತೇನೆಂದು ಕಂಬ ಹಿಡಿದು ನಿಂತರು. ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ನಿದ್ದೆ ಮಾಡಿ ಪಳಗಿದ ದೇಹ, ಬೆಳಿಗ್ಗೆ ಸೇಸಮ್ಮ ಬಾಗಿಲು ತೆರೆದಾಗ ಕಂಬವನ್ನು ಬಿಟ್ಟಿರಲಿಲ್ಲ.

ವರ್ಷಗಳು ಹೋದವು. ವಿಸ್ಮಿತಾ ಮಾತಾಡುತ್ತಾ ಬೆಳೆದಳು, ಮಾತಾಡುತ್ತಾ ಡಿಗ್ರಿ ಮುಗಿಸಿದಳು, ಮೂಡುಬಿದಿರೆಯ ಒಂದು ಶಾಲೆಯಲ್ಲಿ ಟೀಚರಾಗಿ ಮಾತಾಡುವುದಕ್ಕೆ ಸಂಬಳ ಪಡೆದಳು. ಹುಕ್ರಪ್ಪಣ್ಣ ಆಫೀಸಿನ ಕಿಟಕಿಗೆ ಹೋಗುವುದು ತಿಂಗಳಿಗೊಮ್ಮೆ ಇದ್ದದ್ದು ವರ್ಷಕ್ಕೊಮ್ಮೆ ಆಯಿತು, ಮತ್ತೆ ನಿಂತೇ ಹೋಯಿತು. ಗುಮಾಸ್ತರೇ ಒಮ್ಮೆ ಬಸ್ಸಿನಲ್ಲಿ ಸಿಕ್ಕಿ, "ಎಂತ, ಕಾಣುವುದೇ ಇಲ್ಲ?" ಎಂದು ವಿಚಾರಿಸಿದರು.

ಕೊರೋನಾ ಬಂತು. ಬಸ್ಸು ನಿಂತಿತು, ಆಟ ನಿಂತಿತು. ಮತ್ತೆ ಎಲ್ಲ ಶುರುವಾದ ಮೇಲೆ ಮೇಳದವರು ಬೆಳಗಿನವರೆಗಿನ ಆಟ ಬಿಟ್ಟು ಕಾಲಮಿತಿಗೆ ಬಂದರು. ಸಂಜೆ ಆರಕ್ಕೆ ಶುರು, ಹನ್ನೊಂದರ ಹತ್ತಿರ ಮುಕ್ತಾಯ. ಸುದ್ದಿ ಕೇಳಿ ಹುಕ್ರಪ್ಪಣ್ಣನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಇಪ್ಪತ್ತು ವರ್ಷ ಕಾಯಿಸಿ ಈಗ ಅರ್ಧ ಟ್ರಿಪ್ಪಾ? ಮೂಡುಬಿದಿರೆಗೆ ಟಿಕೆಟು ಕೊಟ್ಟು ವೇಣೂರಿನಲ್ಲಿ ಇಳಿಸಿದ ಹಾಗೆ!"

"ನಿಮಗೆ ವೇಣೂರಿನ ಆಚೆ ಎಚ್ಚರ ಇದ್ದದ್ದು ಯಾವಾಗ?" ಎಂದು ಸೇಸಮ್ಮ ಅಕ್ಕಿ ಆರಿಸುತ್ತಾ ಕೇಳಿದರು. ಸಿಟ್ಟಿನಲ್ಲಿದ್ದ ಹುಕ್ರಪ್ಪಣ್ಣನಿಗೆ ಆ ಮಾತು ಕಿವಿಗೆ ಹೋಗಲಿಲ್ಲ.

ಕೊನೆಗೆ ಹೋದ ವರ್ಷದ ಫೆಬ್ರವರಿಯಲ್ಲಿ ದಿನ ಗೊತ್ತಾಯಿತು. ವೇಣೂರಿನ ಹತ್ತಿರ ಅವರ ಮನೆಯ ಎದುರಿನ, ಕೊಯ್ಲು ಮುಗಿದ ಗದ್ದೆಯಲ್ಲಿ ಆಟ. ಕರೆಯುವ ಕೆಲಸ ವಿಸ್ಮಿತಾಳದು. ಎಂಟು ದಿನ ಶಾಲೆಯಿಂದ ಬಂದದ್ದೇ ಫೋನು ಹಿಡಿದು ಕೂತಳು. ಬಂಟ್ವಾಳದ ನೆಂಟರು, ಬೆಳ್ತಂಗಡಿಯ ನೆಂಟರು, ನೆಂಟರ ನೆಂಟರು, ತಪ್ಪಿ ಹತ್ತಿದ ನಂಬ್ರದವರು, ಎಲ್ಲರಿಗೂ ತಾನು ಹೇಗೆ ಮೂಕಿಯಾಗಿದ್ದೆ, ಹೇಗೆ ಬಾಯಿ ಬಂತು ಎಂದು ಮೊದಲಿನಿಂದ ಕಡೆಯವರೆಗೆ ಹೇಳಿ ಕರೆದಳು. ಆಟದ ದಿನ ಬೆಳಿಗ್ಗೆ ಎದ್ದು "ಅಪ್ಪಾ" ಅನ್ನಲು ಹೋದರೆ ಗಾಳಿ ಮಾತ್ರ ಬಂತು. ಸ್ವರ ಪೂರ್ತಿ ಬಿದ್ದಿತ್ತು.

ಹುಕ್ರಪ್ಪಣ್ಣ ಅಡುಗೆಮನೆಗೆ ಓಡಿದರು. "ದೇವಿ ತಿರುಗಿ ತೆಗೆದುಕೊಂಡಳಾ ಸೇಸೂ?"

"ಜೀರಿಗೆ ಕಷಾಯ ಕೊಡಿ, ಸುಮ್ಮನೆ ಹೆದರಿಸ್ಬೇಡಿ" ಅಂದರು ಸೇಸಮ್ಮ.

ಸಂಜೆ ಜನ ಬಂದರು. ಮಾತು ಬಂದದ್ದಕ್ಕೆ ಆಟ ಆಡಿಸುವ ಹುಡುಗಿಯನ್ನು ನೋಡಲು ಎಲ್ಲರಿಗೂ ಆಸೆ. ನೋಡಿದರೆ ಹುಡುಗಿ ಕೈಮುಗಿದು, ತಲೆಯಾಡಿಸಿ, ಕುರ್ಚಿ ತೋರಿಸುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. "ಎಂತ, ಇನ್ನೂ ಸರಿಯಾಗಿಲ್ಲವಾ?" ಎಂದು ಕೆಲವರು ಪಿಸುಗುಟ್ಟಿದರು. ಹುಕ್ರಪ್ಪಣ್ಣ ಪ್ರತಿಯೊಬ್ಬರ ಹಿಂದೆ ಓಡಿ, "ಮಾತಾಡ್ತಾಳೆ, ಬೇಕಾದಷ್ಟು ಮಾತಾಡ್ತಾಳೆ, ಇವತ್ತು ಮಾತ್ರ ಇಲ್ಲ" ಎಂದು ವಿವರಿಸಿ ವಿವರಿಸಿ ಅವರ ಗಂಟಲೂ ಅರ್ಧ ಹೋಯಿತು.

ಆರು ಗಂಟೆಗೆ ಚೆಂಡೆ ಬಿತ್ತು. ಹುಕ್ರಪ್ಪಣ್ಣ ಎದುರು ಸಾಲಿನ ನಡುವಿನ ಕುರ್ಚಿಯಲ್ಲಿ ಬಿಳಿ ಮುಂಡು ಉಟ್ಟು, ಕಿಸೆಯಲ್ಲಿ ಐದು ಗಾಂಧಾರಿ ಮೆಣಸು ಇಟ್ಟುಕೊಂಡು ಕೂತರು. ಏಳಾಯಿತು, ಎಂಟಾಯಿತು. ದೇವಲೋಕದಲ್ಲಿ ಗಡಿಬಿಡಿಯಾಯಿತು. ಒಂಬತ್ತಾಯಿತು. ಮೆಣಸು ಕಿಸೆಯಲ್ಲೇ ಇತ್ತು.

ಕೋಣನ ತಲೆಯ ರಾಕ್ಷಸ ಬರುವುದು ವೇದಿಕೆಯ ಹಿಂದಿನಿಂದಲ್ಲ, ಪ್ರೇಕ್ಷಕರ ಹಿಂದಿನಿಂದ, ದೀವಟಿಗೆ ಹಿಡಿದವರ ನಡುವೆ, ಬೊಬ್ಬೆ ಹಾಕುತ್ತಾ. ಅವನು ಬರುವ ದಾರಿಯಲ್ಲೇ ಶುಕೂರ ಗಾಡಿಗಳನ್ನು ನಿಲ್ಲಿಸುವ ಉಸ್ತುವಾರಿಯಲ್ಲಿದ್ದ. ಸೀಟಿ ಸಿಕ್ಕಿದರೆ ಶುಕೂರ ಪೊಲೀಸಿಗಿಂತ ಒಂದು ಕೈ ಮೇಲು. ರಾಕ್ಷಸ ಕೊಂಬು ಕುಣಿಸುತ್ತಾ ಗದ್ದೆಯ ಅಂಚಿಗೆ ಬಂದಾಗ, ಹಿಂದಕ್ಕೆ ಬರುತ್ತಿದ್ದ ರಿಕ್ಷಾ ಒಂದನ್ನು ಕಂಡು ಶುಕೂರ ಸೀಟಿ ಊದಿ ಅಂಗೈ ಅಡ್ಡ ಹಿಡಿದ.

"ಒಂದ್ನಿಮಿಷ, ಒಂದ್ನಿಮಿಷ! ರಿಕ್ಷಾ ಹೋಗ್ಲಿ!"

ಮೂರು ಲೋಕ ನಡುಗಿಸಿದ ರಾಕ್ಷಸ ನಿಂತ. ದೀವಟಿಗೆಯವರೂ ನಿಂತರು. ರಿಕ್ಷಾ ಮೆಲ್ಲಗೆ ತಿರುಗಿ, ಹಾರ್ನು ಹಾಕಿ ಹೋಯಿತು. ಶುಕೂರ ಕೈ ಬೀಸಿ "ಹ್ಞಾ, ಬನ್ನಿ ಬನ್ನಿ" ಅಂದ ಮೇಲೆ ರಾಕ್ಷಸ ಒಳಗೆ ನುಗ್ಗಿದ. ತಡೆದು ನಿಲ್ಲಿಸಿದ ಸಿಟ್ಟೂ ಸೇರಿ ಅವನು ಅಂದು ಹಾಕಿದ ಬೊಬ್ಬೆಗೆ ಎರಡು ಸಾಲು ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಹೋದರು.

ಹತ್ತು ಗಂಟೆಗೆ ದೇವಿ ಪ್ರತ್ಯಕ್ಷಳಾದಳು. ಹುಕ್ರಪ್ಪಣ್ಣ ಎದ್ದು ನಿಂತು ಕೈಮುಗಿದರು. ತ್ರಿಶೂಲ ಎತ್ತಿದಳು, ರಾಕ್ಷಸ ಬಿದ್ದ. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಬಿದ್ದದ್ದನ್ನು ಹುಕ್ರಪ್ಪಣ್ಣ ಕಣ್ಣಾರೆ ಕಂಡರು. ಆಗಷ್ಟೆ ಗಡಿಯಾರ ನೋಡಿದ್ದು. ಹತ್ತು ಇಪ್ಪತ್ತು.

ಅವರು ಹಾಗೆಯೇ ನಿಂತರು. ಎರಡು ಸಾವಿರದ ಮೂರರಲ್ಲೇ ಆಟ ಸಿಕ್ಕಿದ್ದರೆ ಬೆಳಗಿನ ಬಿಸಿಲಿಗೆ ಎದ್ದು ಕುರ್ಚಿ ಎಣಿಸಬೇಕಾಗಿತ್ತು. ಮಗಳಿಗೆ ಐದು ವರ್ಷ, ಅವಳಿಗೂ ಏನೂ ನೆನಪಿರುತ್ತಿರಲಿಲ್ಲ. ತನಗೆ ಎಚ್ಚರ ಇರುವ ಹೊತ್ತಿಗೆ ಆಟವನ್ನೇ ಎಳೆದು ತರಲು ಇಷ್ಟು ವರ್ಷ ಬೇಕಾಯಿತೋ ಏನೋ. ಇಡೀ ಮೇಳ ತನ್ನೊಬ್ಬನ ನಿದ್ದೆಗಾಗಿ ಸಮಯ ಬದಲಿಸಿತು ಎಂದುಕೊಳ್ಳುವಷ್ಟು ಮಂಕು ಅವರಲ್ಲ, ಆದರೂ ಸ್ವಲ್ಪ ಹಾಗೆ ಅನಿಸಿದ್ದು ಹೌದು. "ತಪ್ಪಾಯ್ತು ತಾಯೀ, ಬಹಳ ಜಗಳ ಮಾಡಿದೆ" ಅಂದರು. ಪಕ್ಕದಲ್ಲಿ ವಿಸ್ಮಿತಾ ಅವರ ಕೈ ಹಿಡಿದುಕೊಂಡಳು. ಸ್ವರ ಇರಲಿಲ್ಲ, ಅಳು ಮಾತ್ರ ಚೆನ್ನಾಗಿ ಬಂತು.

ಆಟ ಮುಗಿದ ನಾಲ್ಕನೆಯ ದಿನ ಮಡಂತ್ಯಾರಿನಿಂದ ಒಂದು ಸಂಬಂಧದ ಮಾತು ಬಂತು. ಮೂರು ವರ್ಷದಿಂದ ವಿಸ್ಮಿತಾಳಿಗೆ ಹುಡುಗ ನೋಡುತ್ತಿದ್ದರು. ಬಂದವರೆಲ್ಲ ಕಾಫಿ ಆರುವವರೆಗೆ ಅವಳ ಮಾತು ಕೇಳಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಹೋದವರು ತಿಳಿಸಿರಲಿಲ್ಲ. ಈ ಸಲ ಫೋನು ಮಾಡಿದ್ದು ಸೇಸಮ್ಮನ ಕಡೆಯ ದೂರದ ನೆಂಟರು ಸರಸಕ್ಕ. ಯಾರದೋ ಜೊತೆಗೆ ಆಟಕ್ಕೆ ಬಂದಿದ್ದರಂತೆ, ವಿಸ್ಮಿತಾಳ ಫೋನು ಅವರಿಗೆ ಹೋಗಿರಲಿಲ್ಲ.

"ನಿಮ್ಮ ಮಗಳ ಆ ಮೌನ, ಆ ಗಾಂಭೀರ್ಯ! ಇಡೀ ಸಂಜೆ ಒಂದು ಮಾತು ಹೆಚ್ಚಿಲ್ಲ. ನಮ್ಮ ಮನೆಗೆ ಅಂಥವಳೇ ಬೇಕು. ಮಾತಾಡ್ಲಿಕ್ಕೆ ನಾನೊಬ್ಬಳು ಇದ್ದೇನಲ್ಲ."

ಸತ್ಯ ಹೇಳಿಬಿಡುವ ಎಂದು ಹುಕ್ರಪ್ಪಣ್ಣ ಬಾಯಿ ತೆರೆದರು. ಸೇಸಮ್ಮ ಅವರ ತೊಡೆ ಚಿವುಟಿ, "ಆದಿತ್ಯವಾರ ಬನ್ನಿ" ಅಂದುಬಿಟ್ಟರು.

ಆದಿತ್ಯವಾರ ಸರಸಕ್ಕ ಮಗ ಮನ್ವಿತನೊಂದಿಗೆ ಬಂದರು. ಮನ್ವಿತನದು ಮಡಂತ್ಯಾರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಅಷ್ಟರಲ್ಲಿ ಜೀರಿಗೆ ಕಷಾಯ ಕೆಲಸ ಮಾಡಿತ್ತು. ವಿಸ್ಮಿತಾ ಚಾದ ತಟ್ಟೆ ಇಟ್ಟು, "ಬನ್ನಿ ಅತ್ತೆ, ದಾರಿಯಲ್ಲಿ ಬ್ಲಾಕ್ ಇತ್ತಾ?" ಎಂದು ಶುರು ಮಾಡಿದವಳು ಮುಕ್ಕಾಲು ಗಂಟೆ ನಿಲ್ಲಿಸಲಿಲ್ಲ. ಸರಸಕ್ಕ ಮೊದಲು ಕಣ್ಣರಳಿಸಿದರು, ಆಮೇಲೆ ನಡುವೆ ನುಗ್ಗಲು ನೋಡಿದರು, ಮೂರನೆಯ ಸಲ ಜಾಗ ಸಿಕ್ಕಿತು. ಅಲ್ಲಿಂದ ಇಬ್ಬರೂ ಒಟ್ಟಿಗೇ ಮಾತಾಡಿದರು. ಯಾರು ಯಾರ ಮಾತು ಕೇಳುತ್ತಿದ್ದರೋ ಗೊತ್ತಿಲ್ಲ, ಇಬ್ಬರ ಮುಖವೂ ಬೆಳಗಿತ್ತು.

ಕಡೆಗೆ ವಿಸ್ಮಿತಾ ಮನ್ವಿತನ ಕಡೆ ತಿರುಗಿದಳು. "ನೋಡಿ, ಆಟದ ದಿನ ನನಗೆ ಸ್ವರ ಬಿದ್ದಿತ್ತು. ನಾನು ಇರುವುದು ಹೀಗೇ. ನಿಮಗೆ ಆಗ್ತದಾ?"

ಮನ್ವಿತ ಆ ದಿನ ಆಡಿದ ಮೊದಲ ಮಾತು ಇದು: "ಎಂಟು ಗಂಟೆ ಮೋಟಾರಿನ ಹತ್ತಿರ ಕೂರುವವ ನಾನು. ಆಗ್ತದೆ."

ಒಪ್ಪಿಗೆಯಾಯಿತು. ಮೇ ತಿಂಗಳಲ್ಲೇ ಮುಗಿಸುವ ಎಂದು ಸರಸಕ್ಕನ ಆಸೆ. ಹುಕ್ರಪ್ಪಣ್ಣ ಗುರುವಾಯನಕೆರೆ, ಮಡಂತ್ಯಾರು, ಮೂಡುಬಿದಿರೆ ಎಲ್ಲ ಕಡೆ ಹಾಲ್ ಕೇಳಿ ಬಂದರು. ಎಲ್ಲೂ ಡಿಸೆಂಬರಿನ ಮೊದಲು ದಿನ ಖಾಲಿ ಇರಲಿಲ್ಲ.

"ಆಗಲಿ, ಡಿಸೆಂಬರಿಗೇ ಇಡುವ" ಅಂದರು ಹುಕ್ರಪ್ಪಣ್ಣ ಚಪ್ಪಲಿ ಬಿಡುತ್ತಾ. "ಎಂಥ ಅವಸರ?"

ಸೇಸಮ್ಮ ಒಲೆಯ ಹತ್ತಿರದಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡಿದರು.